ಅರ್ಜಿ ಹಾಕಿದ ಮೇಲೆ ಕೇಳುವುದು ತಪ್ಪೆ?

"ಏನಾತೋ ತಮ್ಮಾ ಆ ಅರ್ಜಿ?"

"ಕೊಟ್ಟು ಬಂದೇನ್ಯಪಾ. ಇನ್ನೂ ಏನೂ ಬಂದಿಲ್ಲ."

"ಹೋಗಿ ಒಂದ್ಸಲ ಕೇಳಿ ಬಾ ಅಲಾ?"

"ಹೆಂಗ ಕೇಳೂದು? ಬೇಕಾದ್ರ ಅವರ ಕರೀತಾರ. ಹೋಗಿ ನಿಂತ್ರ ನಾವು ಹಗುರ ಆಗ್ತೀವಿ."

"ಹಂಗಾರ ಬಿಡು, ಯಾರ ಕಡಿಂದರೆ ಹೇಳ್ಸೂನು."

ಲೋಕಾಪುರದ ಒಂದು ಮನೆಯಲ್ಲಿ ತಂದೆ ಮಗನ ನಡುವೆ ನಡೆದ ಮಾತು ಇದು. ಮಗ ಐ.ಟಿ.ಐ.ಯಲ್ಲಿ ಫಿಟ್ಟರ್ ಮುಗಿಸಿದವನು. ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಲು ಅರ್ಜಿ ಬರೆದು, ಗೇಟಿನಲ್ಲಿ ಕೊಟ್ಟು ಬಂದಿದ್ದ. ಆರು ವಾರ ಕಳೆದರೂ ಸುದ್ದಿಯಿಲ್ಲ. ಏಳನೆಯ ವಾರ ಅವನ ಜೊತೆಗೆ ಕಲಿತ ಗೆಳೆಯ ಅದೇ ಕಾರ್ಖಾನೆಗೆ ಕೆಲಸಕ್ಕೆ ಹೊರಟದ್ದು ಕಂಡಿತು. ಆಗ ನಾಚಿಕೆ ಬಿಟ್ಟು ಹೋಗಿ ವಿಚಾರಿಸಿದ. ಅಲ್ಲಿಯ ಗುಮಾಸ್ತರು ಫೈಲು ತೆಗೆದು ನೋಡಿದರು. ಅರ್ಜಿ ಇತ್ತು. ಹೆಸರಿನ ಮುಂದೆ ಗುರುತೂ ಇತ್ತು. "ಎರಡ ಸಲ ಫೋನ್ ಮಾಡಿದ್ವಿ, ಹತ್ತಲಿಲ್ಲ. ಟೆಸ್ಟ್ ಮುಗದು ಹತ್ತ ದಿನ ಆತು" ಎಂದರು. ಅರ್ಜಿಯಲ್ಲಿ ಬರೆದಿದ್ದ ನಂಬರು ಬಂದ್ ಆಗಿದ್ದ ಹಳೆಯ ಸಿಮ್ಮಿನದು!

ಇಲ್ಲಿ ಕಾರ್ಖಾನೆಯವರ ತಪ್ಪಿಲ್ಲ. ಹುಡುಗನಿಗೆ ಅರ್ಹತೆ ಇರಲಿಲ್ಲ ಎಂದೂ ಅಲ್ಲ. ಎರಡು ವಾರ ಮೊದಲು ಒಂದು ಮಾತು ಕೇಳಿದ್ದರೆ ನಂಬರು ತಿದ್ದಿ, ಟೆಸ್ಟಿಗೆ ಕೂಡಬಹುದಾಗಿತ್ತು. 'ಕೇಳಿದರೆ ಹಗುರಾಗುತ್ತೇವೆ' ಎಂಬ ಸಂಕೋಚಕ್ಕೆ ಒಂದು ವರ್ಷದ ಬೆಲೆ ತೆತ್ತಂತಾಯಿತು.

ಅರ್ಜಿ ಹಾಕುವುದು ಹೇಗೆ ಎಂಬುದನ್ನು ಶಾಲೆ ಕಾಲೇಜುಗಳಲ್ಲಿ ಕಲಿಸುತ್ತಾರೆ. ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆಯಲ್ಲಿ ಪತ್ರಲೇಖನಕ್ಕೆ ಅಂಕವೂ ಇದೆ. ಆದರೆ ಅರ್ಜಿ ಹಾಕಿದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಕಲಿಸುವುದಿಲ್ಲ. ಆದ್ದರಿಂದ ಹೆಚ್ಚಿನ ಮನೆಗಳಲ್ಲಿ ಎರಡೇ ದಾರಿ ಗೊತ್ತು. ಒಂದು, ಬಾಯಿ ಮುಚ್ಚಿಕೊಂಡು ಕಾಯುವುದು. ಇನ್ನೊಂದು, ವಶೀಲಿ ಹುಡುಕುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ತನ್ನ ಅರ್ಜಿ ಎಲ್ಲಿಗೆ ಬಂತೆಂದು ಅರ್ಜಿದಾರ ತಾನೇ ಮರ್ಯಾದೆಯಿಂದ ಕೇಳುವುದೇ ಆ ದಾರಿ. ಅದು ಭಿಕ್ಷೆಯಲ್ಲ, ಅರ್ಜಿಯದೇ ಉಳಿದ ಅರ್ಧ.

ಮೌನಕ್ಕೆ ನೂರು ಅರ್ಥ

ಮೊದಲು ಅರ್ಜಿಯ ಪ್ರಯಾಣವನ್ನು ತಿಳಿದುಕೊಳ್ಳಬೇಕು. ಕಚೇರಿಗೆ ಬಂದ ಕಾಗದ ಆವಕ-ಜಾವಕ ಪುಸ್ತಕದಲ್ಲಿ, ಅಂದರೆ ಇನ್‌ವರ್ಡ್ ರಜಿಸ್ಟರಿನಲ್ಲಿ ದಾಖಲಾಗುತ್ತದೆ. ಅದಕ್ಕೊಂದು ನಂಬರು ಬೀಳುತ್ತದೆ. ಅಲ್ಲಿಂದ ಸಂಬಂಧಪಟ್ಟ ವಿಭಾಗದ ಟೇಬಲ್ಲಿಗೆ ಹೋಗುತ್ತದೆ. ಅಲ್ಲಿ ಅರ್ಜಿಗಳನ್ನು ವಿಂಗಡಿಸುತ್ತಾರೆ. ಅರ್ಹತೆ ಇಲ್ಲದವು ಒಂದು ಕಡೆ, ಕಾಗದಪತ್ರ ಕೊರತೆಯವು ಒಂದು ಕಡೆ, ಸರಿಯಿದ್ದವು ಇನ್ನೊಂದು ಕಡೆ. ಆಮೇಲೆ ಮೇಲಿನವರ ಒಪ್ಪಿಗೆ, ಸಂದರ್ಶನದ ದಿನಾಂಕ, ಕರೆ. ಇಮೇಲಿನಲ್ಲಿ ಕಳಿಸಿದ ಅರ್ಜಿಯ ದಾರಿಯೂ ಹೆಚ್ಚು ಕಡಿಮೆ ಇದೇ. ರಜಿಸ್ಟರಿನ ಬದಲು ಒಂದು ಪೆಟ್ಟಿಗೆ, ಅದರಲ್ಲಿ ನೂರಾರು ಪತ್ರ.

ಉತ್ತರ ಬಾರದಿದ್ದರೆ ಕಾರಣಗಳು ಹಲವು. ಅರ್ಜಿ ಮುಟ್ಟಿರಲಿಕ್ಕಿಲ್ಲ. ಮುಟ್ಟಿದರೂ ಒಂದು ಝೆರಾಕ್ಸ್ ಪ್ರತಿ ಕಡಿಮೆ ಇರಬಹುದು. ಇನ್ನೂ ಯಾರೂ ತೆರೆದು ನೋಡಿರಲಿಕ್ಕಿಲ್ಲ. ಆ ಹುದ್ದೆಯನ್ನೇ ಮುಂದೆ ಹಾಕಿರಬಹುದು. ಬೇರೆಯವರನ್ನು ತೆಗೆದುಕೊಂಡಿರಲೂಬಹುದು. ಮನೆಯಲ್ಲಿ ಕುಳಿತವನಿಗೆ ಇವೆಲ್ಲ ಒಂದೇ ತರಹದ ಮೌನವಾಗಿ ಕಾಣುತ್ತವೆ. 'ನನ್ನನ್ನು ಬೇಡವೆಂದರು' ಎಂದು ತಿಳಿದು ಮನಸ್ಸು ಕುಗ್ಗಿಸಿಕೊಳ್ಳುತ್ತಾನೆ. ಆದರೆ ಮೊದಲ ಎರಡು ಕಾರಣಗಳು ಒಂದೇ ದಿನದಲ್ಲಿ ಸರಿಪಡಿಸಬಹುದಾದವು. ಪ್ರಯೋಗಶಾಲೆಯಲ್ಲಿ ದೀಪ ಉರಿಯದಿದ್ದರೆ 'ವಿದ್ಯುತ್ತೇ ಇಲ್ಲ' ಎಂದು ಕೂಡುವ ವಿದ್ಯಾರ್ಥಿಗೆ ಏನು ಹೇಳುತ್ತಾರೆ? ಬಲ್ಬು ನೋಡು, ತಂತಿ ನೋಡು, ಸೆಲ್ಲು ನೋಡು ಎನ್ನುವುದಿಲ್ಲವೆ? ಅರ್ಜಿಯ ವಿಷಯದಲ್ಲೂ ಹಾಗೆಯೇ ಒಂದೊಂದಾಗಿ ಪರೀಕ್ಷಿಸಬೇಕು.

ಐನ್‌ಸ್ಟೈನ್ ಬರೆದ ಎರಡನೆಯ ಪತ್ರ

ಉತ್ತರ ಬಾರದ ಅರ್ಜಿಯ ಸಂಕಟ ದೊಡ್ಡವರನ್ನೂ ಬಿಟ್ಟಿಲ್ಲ. ಆಲ್ಬರ್ಟ್ ಐನ್‌ಸ್ಟೈನ್ 1900ರಲ್ಲಿ ಜ್ಯೂರಿಕ್ ಪಾಲಿಟೆಕ್ನಿಕ್‌ನಲ್ಲಿ ಪದವಿ ಮುಗಿಸಿದರು. ಸಹಾಯಕನ ಕೆಲಸ ಸಿಗಬಹುದೆಂದು ಹಲವು ಪ್ರೊಫೆಸರರಿಗೆ ಬರೆದರು. ಅವರಲ್ಲೊಬ್ಬರು ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದ ರಸಾಯನ ವಿಜ್ಞಾನಿ ವಿಲ್ಹೆಲ್ಮ್ ಓಸ್ಟ್‌ವಾಲ್ಡ್. 1901ರ ಮಾರ್ಚ್ 19ರಂದು ತಮ್ಮ ಮೊದಲ ಸಂಶೋಧನ ಲೇಖನವನ್ನು ಜೊತೆಗಿಟ್ಟು ಅವರಿಗೆ ಪತ್ರ ಬರೆದರು. ಉತ್ತರವಿಲ್ಲ. ಎರಡು ವಾರ ಕಾಯ್ದು, ಏಪ್ರಿಲ್ 3ರಂದು ಇನ್ನೊಂದು ಕಾರ್ಡು ಬರೆದರು. ಅದರಲ್ಲಿ ದೂರು ಇರಲಿಲ್ಲ, ಗೋಗರೆಯುವ ಮಾತೂ ಇರಲಿಲ್ಲ. ಹಿಂದಿನ ಪತ್ರದಲ್ಲಿ ವಿಳಾಸ ಬರೆದಿದ್ದೆನೋ ಇಲ್ಲವೋ ಎಂಬ ಅನುಮಾನ ಬಂದದ್ದರಿಂದ ವಿಳಾಸ ತಿಳಿಸುತ್ತಿರುವುದಾಗಿ ಬರೆದಿದ್ದರು. ಎಷ್ಟು ಜಾಣ ದಾರಿ ನೋಡಿ! ಹಿಂದಿನ ಪತ್ರದ ನೆನಪೂ ಆಯಿತು, ಎದುರಿನವರಿಗೆ ಮುಜುಗರವೂ ಆಗಲಿಲ್ಲ.

ಹತ್ತು ದಿನಗಳ ಅನಂತರ, ಏಪ್ರಿಲ್ 13ರಂದು, ಇನ್ನೊಂದು ಪತ್ರ ಓಸ್ಟ್‌ವಾಲ್ಡ್‌ರಿಗೆ ಹೋಯಿತು. ಬರೆದವರು ಐನ್‌ಸ್ಟೈನರ ತಂದೆ ಹರ್ಮನ್. ಮಗ ಕೆಲಸವಿಲ್ಲದೆ ನೊಂದಿದ್ದಾನೆ, ಅವನ ಲೇಖನ ಓದಿ ಒಂದೆರಡು ಉತ್ತೇಜನದ ಮಾತು ಬರೆಯಿರಿ, ಸಾಧ್ಯವಾದರೆ ಸಹಾಯಕನ ಜಾಗ ಕೊಡಿಸಿರಿ ಎಂಬುದು ಅದರ ಸಾರಾಂಶ. ಮಗನಿಗೆ ತಿಳಿಸದೆ ಬರೆಯುತ್ತಿರುವುದಾಗಿಯೂ ಹೇಳಿದ್ದರು. ತಂದೆಯ ಕರುಳು ಎಲ್ಲ ದೇಶಗಳಲ್ಲೂ ಒಂದೇ. ಆದರೆ ಆ ಪತ್ರದಿಂದಲೂ ಕೆಲಸ ಸಿಗಲಿಲ್ಲ.

ಅದೇ ಏಪ್ರಿಲಿನಲ್ಲಿ ಐನ್‌ಸ್ಟೈನ್ ಹಾಲೆಂಡಿನ ಲೈಡನ್ನಿನ ಪ್ರೊಫೆಸರ್ ಕಾಮರ್ಲಿಂಗ್ ಆನ್ನೆಸ್ ಅವರಿಗೆ ಜವಾಬಿ ಕಾರ್ಡು ಕಳಿಸಿದರು. ಉತ್ತರದ ಅಂಚೆ ಖರ್ಚನ್ನೂ ಮೊದಲೇ ಕೊಟ್ಟ ಜೋಡಿ ಕಾರ್ಡು ಅದು. ಉತ್ತರದ ಅರ್ಧ ಖಾಲಿಯಾಗಿಯೇ ಉಳಿಯಿತು. ಐನ್‌ಸ್ಟೈನ್ ಒಂದೇ ಬಾಗಿಲ ಮುಂದೆ ಕೂಡಲಿಲ್ಲ. ನಡುವೆ ತಾತ್ಕಾಲಿಕವಾಗಿ ಶಾಲೆಯಲ್ಲಿ ಪಾಠ ಹೇಳಿದರು. 1901ರ ಡಿಸೆಂಬರಿನಲ್ಲಿ ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಹುದ್ದೆ ಖಾಲಿ ಇದೆ ಎಂಬ ಜಾಹೀರಾತು ಬಂತು. ಅರ್ಜಿ ಹಾಕಿದರು. ನೇಮಕವಾದದ್ದು 1902ರ ಜೂನ್‌ನಲ್ಲಿ, ಅಂದರೆ ಆರು ತಿಂಗಳಿಗೆ. ಹುದ್ದೆ ಮೂರನೆಯ ದರ್ಜೆಯ ತಾಂತ್ರಿಕ ತಜ್ಞನದು, ಸಂಬಳ ವರ್ಷಕ್ಕೆ 3500 ಫ್ರಾಂಕ್. ಆ ಕಚೇರಿಯ ನೌಕರನಾಗಿದ್ದಾಗಲೇ 1905ರಲ್ಲಿ ಅವರು ಭೌತಶಾಸ್ತ್ರದ ದಿಕ್ಕು ಬದಲಿಸಿದ ಲೇಖನಗಳನ್ನು ಬರೆದರು. ಮಗನಿಗೆ ಕೆಲಸ ಸಿಕ್ಕಿದ್ದನ್ನು ಕಂಡ ತಂದೆ 1902ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮುಂದೆ 1910ರ ನೊಬೆಲ್ ಬಹುಮಾನಕ್ಕೆ ಐನ್‌ಸ್ಟೈನರ ಹೆಸರನ್ನು ಮೊಟ್ಟಮೊದಲು ಸೂಚಿಸಿದವರು, ಪತ್ರಕ್ಕೆ ಉತ್ತರ ಬರೆಯದಿದ್ದ ಅದೇ ಓಸ್ಟ್‌ವಾಲ್ಡ್! ಉತ್ತರ ಬರಲಿಲ್ಲವೆಂದರೆ ಎದುರಿನವರು ಅರ್ಜಿದಾರನ ಯೋಗ್ಯತೆಯನ್ನು ತೂಗಿ ನೋಡಿ ಬೇಡವೆಂದಿದ್ದಾರೆ ಎಂದೇ ಅರ್ಥವಲ್ಲ ಎನ್ನಲು ಇದಕ್ಕಿಂತ ಸಾಕ್ಷಿ ಬೇಕೆ?

ಒಂದು ಮಾತನ್ನು ಮುಚ್ಚಿಡಬಾರದು. ಪೇಟೆಂಟ್ ಕಚೇರಿಯ ನಿರ್ದೇಶಕರಿಗೆ ಐನ್‌ಸ್ಟೈನರ ಬಗ್ಗೆ ಒಳ್ಳೆಯ ಮಾತು ಹೇಳಿದವರು ಅವರ ಸಹಪಾಠಿ ಮಾರ್ಸೆಲ್ ಗ್ರಾಸ್‌ಮನ್ ಅವರ ತಂದೆ. 'ಹಾಗಾದರೆ ಅಲ್ಲಿಯೂ ವಶೀಲಿಯೇ ನಡೆಯಿತಲ್ಲ' ಎಂದು ಕೇಳಬಹುದು. ಕೆಲಸ ಬಲ್ಲವನ ಪರಿಚಯವನ್ನು ತಿಳಿದವರೊಬ್ಬರು ಮಾಡಿಕೊಡುವುದು ಖಾಸಗಿ ನೌಕರಿಗಳಲ್ಲಿ ಇಂದಿಗೂ ಇದೆ, ಅದು ಅಪರಾಧವಲ್ಲ. ಆದರೆ ಪರಿಚಯವು ಅರ್ಹತೆಯ ಜಾಗದಲ್ಲಿ ಕೂಡಬಾರದು. ಇಂದಿನ ನಮ್ಮ ಸರಕಾರಿ ನೇಮಕಾತಿಯಲ್ಲಂತೂ ಅದಕ್ಕೆ ಅವಕಾಶವೇ ಇಲ್ಲ.

'ಸದ್ಯ ಜಾಗ ಇಲ್ಲ' ಎಂದರೆ

ಲಂಡನ್ನಿನ ಕಮ್ಮಾರನ ಮಗ ಮೈಕೆಲ್ ಫ್ಯಾರಡೆ ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. ವಿಜ್ಞಾನದ ಕೆಲಸ ಬೇಕೆಂಬ ಆಸೆಯಿಂದ ರಾಯಲ್ ಸೊಸೈಟಿಯ ಅಧ್ಯಕ್ಷ ಸರ್ ಜೋಸೆಫ್ ಬ್ಯಾಂಕ್ಸ್ ಅವರಿಗೆ ಪತ್ರ ಬರೆದ. ವಿಚಾರಿಸಲು ಹೋದಾಗ ಬಾಗಿಲು ಕಾಯುವವನ ಕಡೆಯಿಂದ ಸಿಕ್ಕಿದ್ದು 'ಉತ್ತರವಿಲ್ಲ' ಎಂಬ ಮಾತು ಮಾತ್ರ. ಅವನು ಅಲ್ಲಿಗೆ ಬಿಡಲಿಲ್ಲ. 1812ರಲ್ಲಿ ತಾನು ಕೇಳಿದ ಹಂಫ್ರಿ ಡೇವಿಯವರ ಉಪನ್ಯಾಸಗಳ ಟಿಪ್ಪಣಿಯನ್ನು ಅಂದವಾಗಿ ಬರೆದು, ತಾನೇ ಬೈಂಡ್ ಮಾಡಿ, ಡಿಸೆಂಬರಿನಲ್ಲಿ ಡೇವಿಯವರಿಗೇ ಕಳಿಸಿದ. ಅವರು ಡಿಸೆಂಬರ್ 24ರಂದು ಉತ್ತರಿಸಿದರು, ಮರುತಿಂಗಳು ಕರೆದು ಮಾತಾಡಿದರು. ಆದರೆ ಜಾಗ ಖಾಲಿ ಇರಲಿಲ್ಲ. ಪುಸ್ತಕ ಕಟ್ಟುವ ಕಸುಬನ್ನೇ ಮುಂದುವರಿಸು ಎಂದು ಬುದ್ಧಿ ಹೇಳಿ ಕಳಿಸಿದರು.

ಮುಂದೆ ಕೆಲವೇ ವಾರಗಳಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್‌ನ ಪ್ರಯೋಗಶಾಲೆಯ ಸಹಾಯಕನೊಬ್ಬ ಜಗಳವಾಡಿ ಕೆಲಸ ಕಳೆದುಕೊಂಡ. ಆ ಜಾಗಕ್ಕೆ ಯಾರು ಎಂದಾಗ ಡೇವಿಯವರಿಗೆ ನೆನಪಾದದ್ದು ಆ ಬೈಂಡ್ ಮಾಡಿದ ಪುಸ್ತಕದ ಹುಡುಗ. 1813ರ ಮಾರ್ಚ್ 1ರಂದು ಫ್ಯಾರಡೆ ವಾರಕ್ಕೆ 25 ಶಿಲ್ಲಿಂಗ್ ಸಂಬಳದ ಮೇಲೆ ನೇಮಕವಾದರು. ಇಂದು ನಮ್ಮ ಹೊಲದ ಪಂಪಿನ ಮೋಟರು ತಿರುಗುವುದರ ಹಿಂದೆ ಅವರ ಶೋಧನೆಗಳಿವೆ. 'ಸದ್ಯ ಇಲ್ಲ' ಎಂದರೆ 'ಎಂದೂ ಇಲ್ಲ' ಎಂದಲ್ಲ. ಅಂಥ ಉತ್ತರ ಬಂದಾಗ, 'ಮುಂದೆ ಜಾಗ ಖಾಲಿಯಾದರೆ ದಯವಿಟ್ಟು ನನ್ನ ಅರ್ಜಿಯನ್ನು ಗಮನಿಸಿರಿ' ಎಂದು ಬರೆದು ಇಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ.

ಕೇಳಬೇಕಾದವರನ್ನೇ ಕೇಳುವುದು ಇನ್ನೊಂದು ಪಾಠ. ಇದಕ್ಕೆ ನಮ್ಮ ಕಡೆಯ ಉದಾಹರಣೆಯೇ ಇದೆ. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು 1974ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿ. ಟೆಲ್ಕೋ ಕಂಪನಿಯ ಜಾಹೀರಾತಿನ ಕೊನೆಗೆ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಬರೆದಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡು ಬರೆದು ಇದು ಹೇಗೆ ಸರಿ ಎಂದು ಪ್ರಶ್ನಿಸಿದರು. ಕೆಲವು ದಿನಗಳಲ್ಲಿ ಪುಣೆಗೆ ಸಂದರ್ಶನಕ್ಕೆ ಬರುವಂತೆ ತಂತಿ ಬಂತು. ಸಂದರ್ಶನದಲ್ಲಿ ಗೆದ್ದು ಕೆಲಸಕ್ಕೆ ಸೇರಿದರು. ಈ ಸಂಗತಿಯನ್ನು ಅವರೇ ಬರೆದಿದ್ದಾರೆ. ಕಾರ್ಡು ಕೊಡಿಸಿದ್ದು ಸಂದರ್ಶನವನ್ನು ಮಾತ್ರ. ಕೆಲಸ ಕೊಡಿಸಿದ್ದು ಅವರು ಕಲಿತ ವಿದ್ಯೆ.

ಯಾವಾಗ, ಹೇಗೆ ಕೇಳಬೇಕು?

ಲೋಕಾಪುರದ ಸುತ್ತಲಿನ ನೆಲದಲ್ಲಿ ಸುಣ್ಣಕಲ್ಲು ಹೇರಳವಾಗಿದೆ. ಭೂವಿಜ್ಞಾನದಲ್ಲಿ ಕಲಾದಗಿ ಶಿಲಾಸ್ತರಗಳ ಒಂದು ಭಾಗಕ್ಕೆ 'ಲೋಕಾಪುರ ಉಪಸಮೂಹ' ಎಂದೇ ಹೆಸರು. ಆ ಕಲ್ಲಿನಿಂದ ಸಿಮೆಂಟ್ ಕಾರ್ಖಾನೆಗಳು ಬಂದವು. ಮುಧೋಳ, ಜಮಖಂಡಿ, ಸಮೀರವಾಡಿ ಕಡೆಗೆ ಕಬ್ಬಿನಿಂದ ಸಕ್ಕರೆ ಕಾರ್ಖಾನೆಗಳು. ರಬಕವಿ-ಬನಹಟ್ಟಿಯಲ್ಲಿ ಮಗ್ಗಗಳು. ಊರೂರಿಗೆ ಖಾಸಗಿ ಶಾಲೆ, ಸಹಕಾರಿ ಸಂಘ, ಆಸ್ಪತ್ರೆ. ಇಂಥ ಕಡೆ ಅರ್ಜಿ ಹಾಕುವವರು ಆಯಾ ಕೆಲಸದ ಕಾಲವನ್ನು ತಿಳಿದಿರಬೇಕು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮು ಸಾಮಾನ್ಯವಾಗಿ ದೀಪಾವಳಿಯ ಆಸುಪಾಸು ಸುರುವಾಗುತ್ತದೆ. ಹಂಗಾಮಿನ ಕೆಲಸಕ್ಕೆ ಮಳೆಗಾಲದಲ್ಲೇ ಅರ್ಜಿ ಕೊಟ್ಟು, ಹಂಗಾಮಿಗೆ ಮೊದಲು ವಿಚಾರಿಸಬೇಕು. ಗಾಣ ತಿರುಗತೊಡಗಿದ ಮೇಲೆ ಹೋದರೆ ಯಾರಿಗೂ ಮಾತಾಡಲು ಪುರಸತ್ತು ಇರುವುದಿಲ್ಲ. ಶಿಕ್ಷಕರ ಕೆಲಸ ಬೇಕಾದವರು ಏಪ್ರಿಲ್-ಮೇ ತಿಂಗಳಲ್ಲಿ ಕೇಳಬೇಕು. ಅತಿಥಿ ಶಿಕ್ಷಕರ ಜಾಗಗಳ ಬಗ್ಗೆ ಶಾಲೆ ಸುರುವಾಗುವ ವೇಳೆಗೆ ಮುಖ್ಯೋಪಾಧ್ಯಾಯರನ್ನೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನೂ ವಿಚಾರಿಸಬೇಕು.

ಜಾಹೀರಾತಿನಲ್ಲಿ ಕೊನೆಯ ದಿನಾಂಕ ಇದ್ದರೆ, ಅದು ಮುಗಿದ ಒಂದು ವಾರದಿಂದ ಹತ್ತು ದಿನಗಳ ಅನಂತರ ಮೊದಲ ಸಲ ಕೇಳುವುದು ಯೋಗ್ಯ. ದಿನಾಂಕ ಇಲ್ಲದಿದ್ದರೆ ಅರ್ಜಿ ಕೊಟ್ಟ ಎರಡು ವಾರಕ್ಕೆ ಕೇಳಬಹುದು. 'ಫೋನ್ ಮಾಡಬೇಡಿರಿ' ಎಂದು ಬರೆದಿದ್ದರೆ ಫೋನ್ ಮಾಡಬಾರದು, ಅದೂ ಒಂದು ಪರೀಕ್ಷೆಯೇ. ಪತ್ರ ಅಥವಾ ಇಮೇಲ್ ಹೀಗಿದ್ದರೆ ಸಾಕು:

"ಮಾನ್ಯರೆ, ತಮ್ಮ ಕಾರ್ಖಾನೆಯ ಫಿಟ್ಟರ್ ಅಪ್ರೆಂಟಿಸ್ ಜಾಗಕ್ಕೆ ಇದೇ ತಿಂಗಳ 4ನೆಯ ತಾರೀಖಿನಂದು ಅರ್ಜಿ ಸಲ್ಲಿಸಿದ್ದೇನೆ. ಆವಕ ನಂಬರು ಇಂತಿದೆ. ಅರ್ಜಿ ತಮಗೆ ಮುಟ್ಟಿದೆಯೆ, ಇನ್ನಾವುದಾದರೂ ಕಾಗದಪತ್ರ ಒದಗಿಸಬೇಕೆ ಎಂಬುದನ್ನು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಅರ್ಜಿ ಕೊಟ್ಟ ಮೇಲೆ ಒಂದು ತಿಂಗಳ ವೆಲ್ಡಿಂಗ್ ತರಬೇತಿ ಮುಗಿಸಿದ್ದೇನೆ, ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ. ನನ್ನ ವಿಳಾಸ ಮತ್ತು ಫೋನ್ ನಂಬರು ಕೆಳಗಿವೆ. ತಮ್ಮ ವಿಶ್ವಾಸಿ."

ಇದರಲ್ಲಿ ಬಡತನದ ಕಥೆ ಇಲ್ಲ. 'ನಿಮ್ಮ ಪಾದವೇ ಗತಿ' ಎಂಬ ಮಾತಿಲ್ಲ. 'ಇನ್ನೂ ಏಕೆ ಕರೆದಿಲ್ಲ' ಎಂಬ ಜೋರೂ ಇಲ್ಲ. ಯಾವ ಕೆಲಸ, ಯಾವ ದಿನ, ಏನು ಬೇಕು ಎಂಬುದು ಇದೆ. ಓದುವವರಿಗೆ ಅರ್ಧ ನಿಮಿಷ ಸಾಕು. ತರಬೇತಿ ಮುಗಿಸಿದ್ದು ನಿಜವಿದ್ದರೆ ಮಾತ್ರ ಆ ಸಾಲು ಬರೆಯಬೇಕು ಎಂದು ಬೇರೆ ಹೇಳಬೇಕಾಗಿಲ್ಲ.

ಫೋನಿನಲ್ಲಾದರೆ ಮೊದಲು ಹೆಸರು, ಊರು, ಅರ್ಜಿಯ ದಿನಾಂಕ ಹೇಳಬೇಕು. "ಸರ್, ನಮಸ್ಕಾರ್ರೀ. ಈಗ ಎರಡು ನಿಮಿಷ ಮಾತಾಡಬಹುದೇನ್ರೀ?" ಎಂದು ಕೇಳಿ ಮುಂದುವರಿಯಬೇಕು. ಮುಂಜಾನೆ ಕಚೇರಿ ತೆರೆದ ಕೂಡಲೆ, ಊಟದ ಹೊತ್ತಿಗೆ, ಸಂಜೆ ಬಾಗಿಲು ಹಾಕುವಾಗ ಬೇಡ. ಸ್ವತಃ ಹೋಗುವುದಾದರೆ ಮೂಲ ಪ್ರಮಾಣಪತ್ರಗಳನ್ನೂ ಪ್ರತಿಗಳನ್ನೂ ಒಯ್ಯಬೇಕು. ಒಬ್ಬನೇ ಹೋಗಬೇಕು, ಗೆಳೆಯರ ಗುಂಪು ಕಟ್ಟಿಕೊಂಡಲ್ಲ. ಗೇಟಿನ ಕಾವಲುಗಾರರಿಗೂ ಗುಮಾಸ್ತರಿಗೂ ಸಾಹೇಬರಿಗೆ ಕೊಟ್ಟಷ್ಟೇ ಮರ್ಯಾದೆ ಕೊಡಬೇಕು. ಕಾಗದ ಹುಡುಕಿ ಕೊಡುವವರು ಅವರೇ.

ಅರ್ಜಿಯನ್ನು ಕೈಯಿಂದ ಕೊಡುವಾಗ ಇನ್ನೊಂದು ಪ್ರತಿಯ ಮೇಲೆ ಸಹಿ, ತಾರೀಖು, ಮೊಹರು ಹಾಕಿಸಿಕೊಂಡರೆ ಅರ್ಧ ಕೆಲಸ ಆದಂತೆ. ಅಂಚೆಯಲ್ಲಾದರೆ ಸ್ಪೀಡ್ ಪೋಸ್ಟ್ ರಸೀದಿಯ ಮೇಲೆ 13 ಅಕ್ಷರ-ಅಂಕಿಗಳ ನಂಬರು ಇರುತ್ತದೆ. ಅದರಿಂದ ಲಕೋಟೆ ಮುಟ್ಟಿದ ದಿನ ತಿಳಿಯುತ್ತದೆ. ರಸೀದಿಯನ್ನು ಎಸೆಯಬಾರದು.

ಎಷ್ಟು ಸಲ ಕೇಳಬೇಕು? ಎರಡು ಸಲ. ಮೊದಲ ಸಲ ಕೇಳಿ ಎರಡು ವಾರಗಳಾದರೂ ಉತ್ತರವಿಲ್ಲದಿದ್ದರೆ ಇನ್ನೊಮ್ಮೆ. ಅವರೇ 'ಮುಂದಿನ ತಿಂಗಳು ಕೇಳು' ಎಂದಿದ್ದರೆ ಮುಂದಿನ ತಿಂಗಳು. ಅದಕ್ಕೂ ಹೆಚ್ಚು ಕೇಳುವುದು ವಿಚಾರಣೆಯಲ್ಲ, ಕಾಟ. ಆ ಹೊತ್ತಿಗೆ ಇನ್ನೆರಡು ಕಡೆ ಅರ್ಜಿ ಹೋಗಿರಬೇಕು. ಸಂದರ್ಶನವಾಗಿದ್ದರೆ ಮರುದಿನವೇ ಎರಡು ಸಾಲಿನ ಕೃತಜ್ಞತೆ ಬರೆಯುವುದು ಒಳ್ಳೆಯ ರೂಢಿ. ಬೇರೆ ಕಡೆ ಕೆಲಸ ಸಿಕ್ಕರೆ ಉಳಿದವರಿಗೆ ತಿಳಿಸುವುದೂ ಕರ್ತವ್ಯ. ಆ ಜಾಗ ಇನ್ನೊಬ್ಬ ಹುಡುಗನಿಗೆ ಸಿಗುತ್ತದೆ.

ಸರಕಾರಿ ಅರ್ಜಿಯ ದಾರಿ ಬೇರೆ

ಕೆ.ಪಿ.ಎಸ್.ಸಿ., ಕೆ.ಇ.ಎ., ರೈಲ್ವೆ, ಬ್ಯಾಂಕುಗಳ ನೇಮಕಾತಿಗೆ ಮೇಲಿನ ಪತ್ರ ನಡೆಯುವುದಿಲ್ಲ. ಅಲ್ಲಿ ಪ್ರಭಾವ ಬೀರಲು ಯತ್ನಿಸಿದರೆ ಅನರ್ಹಗೊಳಿಸಲಾಗುವುದು ಎಂದು ಅಧಿಸೂಚನೆಯಲ್ಲೇ ಬರೆದಿರುತ್ತದೆ. ಅಲ್ಲಿ ಹಿಂಬಾಲಿಸಬೇಕಾದದ್ದು ಮನುಷ್ಯರನ್ನಲ್ಲ, ದಿನಾಂಕಗಳನ್ನು. ಶುಲ್ಕ ಜಮೆಯಾಗಿದೆಯೆ, ಪ್ರವೇಶಪತ್ರ ಬಂದಿದೆಯೆ, ಕೀ ಉತ್ತರ ಯಾವಾಗ ಪ್ರಕಟವಾಗುತ್ತದೆ, ಅದಕ್ಕೆ ಆಕ್ಷೇಪಣೆ ಸಲ್ಲಿಸಲು ಎಷ್ಟು ದಿನ, ತಾತ್ಕಾಲಿಕ ಆಯ್ಕೆಪಟ್ಟಿ ಯಾವಾಗ, ದಾಖಲೆ ಪರಿಶೀಲನೆ ಎಲ್ಲಿ ಎಂಬುದನ್ನು ವಾರಕ್ಕೆರಡು ಸಲ ಇಲಾಖೆಯ ಅಧಿಕೃತ ತಾಣದಲ್ಲಿಯೇ ನೋಡಬೇಕು. ಆಕ್ಷೇಪಣೆಯ ದಿನ ದಾಟಿದರೆ ಎಷ್ಟು ನ್ಯಾಯವಾದ ತಕರಾರಾದರೂ ಪ್ರಯೋಜನವಿಲ್ಲ.

ತಿಂಗಳುಗಟ್ಟಲೆ ಏನೂ ತಿಳಿಯದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಕರ್ನಾಟಕದ ಕಚೇರಿಗಳಿಗೆ 10 ರೂಪಾಯಿ ಶುಲ್ಕ. ಅರ್ಜಿ ಒಂದೇ ವಿಷಯದ ಮೇಲೆ, ಸುಮಾರು 150 ಪದಗಳ ಒಳಗೆ ಇರಬೇಕು. 30 ದಿನಗಳಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಇದು ಸರಕಾರಿ ಕಚೇರಿಗಳಿಗೆ ಅನ್ವಯಿಸುತ್ತದೆ, ಖಾಸಗಿ ಕಂಪನಿಗಳಿಗಲ್ಲ.

ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದನ್ನು ನಾಡೇ ನೋಡಿದೆ. 2021ರ ಅಕ್ಟೋಬರ್ 3ರಂದು 545 ಪಿ.ಎಸ್.ಐ. ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಬರೆದಿದ್ದರು. ಅಕ್ರಮ ಹೊರಬಿದ್ದು 2022ರ ಏಪ್ರಿಲ್ 29ರಂದು ಸರಕಾರ ಅದನ್ನು ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಕೆಲವರು ಮಾಡಿದ ತಪ್ಪಿಗೆ, ರಾತ್ರಿ ಹಗಲು ಓದಿದ ಪ್ರಾಮಾಣಿಕರೂ ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು. ಹೊಲ ಒತ್ತೆಯಿಟ್ಟು ಮಧ್ಯವರ್ತಿಯ ಕೈಗೆ ಹಣ ಕೊಡುವ ಪಾಲಕರು ಇದನ್ನು ನೆನಪಿಡಬೇಕು. ಖಾಸಗಿ ನೌಕರಿಯ ಹೆಸರಿನಲ್ಲಿ ಫೋನ್ ಮಾಡಿ 'ಡಿಪಾಜಿಟ್ ಕಟ್ಟಿರಿ, ಆರ್ಡರ್ ಕಳಿಸುತ್ತೇವೆ' ಎನ್ನುವವರೂ ಇದೇ ಜಾತಿಯವರು. ಅಂಥವರಿಗೆ ಹಣ ಹೋಗಿದ್ದರೆ ತಡಮಾಡದೆ 1930 ನಂಬರಿಗೆ ದೂರು ಕೊಡಬೇಕು.

ಪಾಲಕರು ಏನು ಮಾಡಬಹುದು?

ತಂದೆ ತಾಯಿ ಮಗನ ಪರವಾಗಿ ಹೋಗಿ ಕೇಳುವುದಕ್ಕಿಂತ, ಅವನೇ ಕೇಳುವಂತೆ ಧೈರ್ಯ ಕೊಡುವುದು ಒಳ್ಳೆಯದು. ತಂದೆಯನ್ನು ಮುಂದೆ ಬಿಟ್ಟು ಹಿಂದೆ ನಿಂತ ಹುಡುಗನನ್ನು ಕಂಡರೆ, 'ನಾಳೆ ಕೆಲಸವನ್ನಾದರೂ ಇವನೇ ಮಾಡುತ್ತಾನೋ, ತಂದೆ ಮಾಡುತ್ತಾರೋ' ಎಂದು ಎದುರಿನವರಿಗೆ ಅನಿಸದಿರದು. ಹೆಣ್ಣುಮಕ್ಕಳ ವಿಷಯದಲ್ಲೂ ಅಷ್ಟೆ. ಊರು ದೂರವಿದ್ದರೆ ಜೊತೆಗೆ ಹೋಗಬೇಕು, ಆದರೆ ಮಾತಾಡುವವಳು ಮಗಳೇ ಆಗಿರಬೇಕು.

ಪಾಲಕರೇ ಮಾಡಬೇಕಾದ ಕೆಲಸಗಳೂ ಇವೆ. ಅನೇಕ ಅರ್ಜಿಗಳಲ್ಲಿ ಮನೆಯ ಫೋನ್ ನಂಬರೆಂದು ತಂದೆಯ ನಂಬರು ಇರುತ್ತದೆ. ಕಚೇರಿಯವರು ಫೋನ್ ಮಾಡಿದಾಗ ತಂದೆ ಹೊಲದಲ್ಲಿ ನೀರು ಹಾಯಿಸುತ್ತಿರುತ್ತಾರೆ. "ಅವ ಇಲ್ರೀ, ಊರಿಗೆ ಹೋಗ್ಯಾನ" ಎಂದು ಇಟ್ಟುಬಿಟ್ಟರೆ ಮುಗಿಯಿತು. ಯಾರು, ಯಾವ ಊರು, ಯಾವ ಕಚೇರಿ, ಯಾವಾಗ ತಿರುಗಿ ಮಾಡಬೇಕು ಎಂದು ಕೇಳಿಕೊಂಡು ಮಗನಿಗೆ ಮುಟ್ಟಿಸಬೇಕು. ಆನ್‌ಲೈನ್ ಅರ್ಜಿಯನ್ನು ಕಂಪ್ಯೂಟರ್ ಸೆಂಟರಿನಲ್ಲಿ ತುಂಬಿಸುವಾಗ ಅಲ್ಲಿಯವರು ಅವಸರಕ್ಕೆ ತಮ್ಮದೇ ಇಮೇಲ್ ಹಾಕಿಬಿಡುವುದುಂಟು. ಆಮೇಲೆ ಬಂದ ಪತ್ರವೆಲ್ಲ ಅವರ ಪೆಟ್ಟಿಗೆಗೆ! ತನ್ನದೇ ಇಮೇಲ್, ತನ್ನದೇ ನಂಬರು ಇರುವಂತೆ ಹುಡುಗನೇ ನೋಡಿಕೊಳ್ಳಬೇಕು. ಇಮೇಲಿನ 'ಸ್ಪ್ಯಾಮ್' ಪೆಟ್ಟಿಗೆಯನ್ನೂ ಆಗಾಗ ತೆರೆದು ನೋಡಬೇಕು. ಎಲ್ಲಕ್ಕೂ ಮೇಲಾಗಿ ಒಂದು ನೋಟುಬುಕ್ಕು ಇರಲಿ. ಎಲ್ಲಿಗೆ ಅರ್ಜಿ, ಯಾವ ದಿನ, ಯಾವ ನಂಬರು, ಯಾರು ಏನು ಹೇಳಿದರು, ಮುಂದೆ ಯಾವಾಗ ಕೇಳಬೇಕು ಎಂಬ ಐದು ಕಾಲಮ್ಮು ಸಾಕು. ಹಾಲಿನ ಲೆಕ್ಕ, ಕಬ್ಬಿನ ಬಿಲ್ಲಿನ ಲೆಕ್ಕ ಇಡುವ ಮನೆಗಳಲ್ಲಿ ಇದು ಕಷ್ಟವಲ್ಲ.

ಲೋಕಾಪುರದ ಆ ಹುಡುಗನಿಗೆ ಆ ವರ್ಷದ ಜಾಗ ಹೋಯಿತು. ಆದರೆ ಆ ದಿನ ಕಾರ್ಖಾನೆಯಿಂದ ಬರಿಗೈಯಲ್ಲಿ ಮರಳುವ ಮೊದಲು, "ಮುಂದಿನ ಬ್ಯಾಚು ಯಾವಾಗ್ರೀ ಸರ್?" ಎಂದು ಗುಮಾಸ್ತರನ್ನು ಕೇಳಿದ. ಅವರು ತಿಂಗಳನ್ನು ಹೇಳಿ, ಅರ್ಜಿಯ ಮೇಲಿನ ಹಳೆಯ ನಂಬರು ಹೊಡೆದು ಹೊಸದನ್ನು ಬರೆದುಕೊಂಡರು. ಈಗ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಆ ತಿಂಗಳ ಮೊದಲ ವಾರಕ್ಕೆ ಒಂದು ಗುಂಡಗಿನ ಗುರುತು ಇದೆ. ಅದನ್ನು ಹಾಕಿದವರು ಅವನ ತಂದೆ. ಅಂದು ಹೋಗಿ ಕೇಳುವವನು ಮಾತ್ರ ಮಗನೇ.